ಎಲ್ಲಿಗೂ ಹೋಗದ ದಾರಿಗಳು

ಕಳೆದ ವರ್ಷ ನಮ್ಮ ಕಾಲೇಜಿನಲ್ಲಿ ಕನ್ನಡ ತಂತ್ರಾಂಶಗಳನ್ನು ಕುರಿತು ಎರಡು ದಿನಗಳ ಕಮ್ಮಟವೊಂದು ಏರ್ಪಾಡಾಗಿತ್ತು. ಕನ್ನಡದ ಅಧ್ಯಾಪಕನೆಂಬ ಕಾರಣದಿಂದ ಆಹ್ವಾನಪತ್ರಿಕೆಯ ಹೊಣೆ ನನ್ನ ಕೊರಳಿಗೆ ಬಿತ್ತು. ಒಳಪುಟದ ಒಕ್ಕಣೆಯನ್ನು ಮೂರು ಬಾರಿ ತಿದ್ದಿದೆ. ಹೊರಪುಟದ ಚಿತ್ರವನ್ನಾದರೋ, ಮುದ್ರಣಾಲಯದ ಹುಡುಗ ಗಣಕದ ಪರದೆಯ ಮೇಲೆ ತೋರಿಸಿದೊಡನೆ ಒಂದೇ ನೋಟಕ್ಕೆ ಒಪ್ಪಿಬಿಟ್ಟೆ. ಅಂತಹ ಚಿತ್ರವನ್ನು ವಾಚಕರೂ ನೋಡದೆ ಇರಲಾರರು. ಕಡುನೀಲಿ ಹಿನ್ನೆಲೆ, ನಡುವೆ ಮಾಣಿಕ್ಯದಂತೆ ಹೊಳೆಯುವ ಚೌಕಾಕಾರದ ಚಿಪ್, ಅದರಿಂದ ನಾಲ್ಕು ದಿಕ್ಕಿಗೂ ಹೊರಟು, ಅಲ್ಲಲ್ಲಿ ಬಾಗಿ, ಚಿಕ್ಕ ಚಿಕ್ಕ ಸೊನ್ನೆಗಳಲ್ಲಿ ಮುಗಿಯುವ ಬೆಳ್ಳಿಯ ಗೆರೆಗಳು. ತಂತ್ರಾಂಶದ ಮಾತು ಬಂದಲ್ಲೆಲ್ಲ, ತರಬೇತಿ ಕೇಂದ್ರದ ಭಿತ್ತಿಪತ್ರವಾಗಲಿ, ಪುಸ್ತಕದ ರಕ್ಷಾಪುಟವಾಗಲಿ, ಈ ಚಿತ್ರವೇ ದ್ವಾರಪಾಲಕನಾಗಿ ನಿಂತಿರುತ್ತದೆ.

ಕರಡು ಪ್ರತಿಯನ್ನು ಕೈಯಲ್ಲಿ ಹಿಡಿದು ಬರುವಾಗ ತೋರಣಗಲ್ಲಿನ ಸಣ್ಣದೊಂದು ರಿಪೇರಿ ಅಂಗಡಿಯ ಮುಂದೆ ನಿಂತೆ. ಮನೆಯ ಯುಪಿಎಸ್ ಕೆಟ್ಟು ಅಲ್ಲಿ ಮಲಗಿ ಎಂಟು ದಿನಗಳಾಗಿದ್ದುವು. ಅಂಗಡಿಯ ಯಜಮಾನರು ಐವತ್ತು ದಾಟಿದವರು, ಮಿತಭಾಷಿಗಳು. ಕಾರ್ಖಾನೆಯ ಕಡೆಯಿಂದ ಬೀಸುವ ಕೆಂಪು ಧೂಳು ತೇವದೊಡನೆ ಕೂಡಿ ಬೋರ್ಡುಗಳಿಗೆ ಮಾಡುವ ಹಾನಿಯನ್ನು ಮೂವತ್ತು ವರ್ಷ ಕಂಡವರು. ಮೇಜಿನ ಮೇಲೆ ಕುಂಚ ಮತ್ತು ಸ್ಪಿರಿಟಿನ ಸೀಸೆ ಸದಾ ಸಿದ್ಧ. ಕರಡನ್ನು ಅವರಿಗೆ ತೋರಿಸಿ, ಅದರಲ್ಲಿ ಒಂದು ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿದ್ದಿದ್ದುದನ್ನು ನಾನು ಹೇಗೆ ಹಿಡಿದೆನೆಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಂಡೆ. ಹಳೆಯ ಅಕ್ಷರವಿನ್ಯಾಸವನ್ನು ಹೊಸ ತಂತ್ರಾಂಶಕ್ಕೆ ಸುರಿದಾಗ ಕನ್ನಡದ ಒತ್ತುಗಳು ಹೀಗೆ ಉದುರುವುದುಂಟು.

ಅವರು ಕನ್ನಡಕವನ್ನು ಹಣೆಗೇರಿಸಿ ಹೊರಪುಟವನ್ನೇ ನೋಡುತ್ತಿದ್ದರು.

"ಚಂದ ಐತ್ರಿ ಸರ. ಆದ್ರ ಇದು ಬೋರ್ಡ್ ಅಲ್ಲ."

"ಮತ್ತೇನು?"

"ರಂಗೋಲಿ. ಇಲ್ನೋಡ್ರಿ, ಈ ಗೆರಿ ಎಲ್ಲಿಗೂ ಹೋಗಂಗಿಲ್ಲ. ಇವೆರಡು ಒಂದರ ಮ್ಯಾಲೊಂದು ಹಾದಾವು, ಕರೆಂಟ್ ಕೊಟ್ರ ಶಾರ್ಟ್ ಆಗಿ ಹೊಗಿ ಬರತೈತಿ. ಚಿಪ್ಪಿನ ಕಾಲಿಗಂತೂ ಒಂದು ಗೆರೀನೂ ಮುಟ್ಟಿಲ್ಲ." ಸ್ವಲ್ಪ ತಡೆದು ಹೇಳಿದರು: "ಒಂದು ಒತ್ತು ಬಿಟ್ಟಿದ್ದಕ್ಕ ಪ್ರೆಸ್ಸಿಗೆ ತಿರುಗಿ ಕಳಿಸೀರಿ. ಇದರಾಗ ಒಂದೂ ಸರಿಯಿಲ್ಲ, ಇದನ್ನ ಹೆಂಗ ಬಿಟ್ರಿ?"

ನನ್ನಲ್ಲಿ ಉತ್ತರವಿರಲಿಲ್ಲ. ಆ ಸಂಜೆ ಒಂದೂವರೆ ಗಂಟೆಯ ಕಾಲ ಅವರ ಮೇಜಿನ ಬಳಿ ಕುಳಿತು ವಿದ್ಯಾರ್ಥಿಯಾದೆ.

ನಮ್ಮ ಪಠ್ಯಪುಸ್ತಕಗಳು ಬಳಸುವ 'ವಿದ್ಯುನ್ಮಂಡಲ' ಎಂಬ ಪದವೇ ಅರ್ಧ ಪಾಠವನ್ನು ಹೇಳುತ್ತದೆ. ಮಂಡಲವೆಂದರೆ ಸುತ್ತು. ಹೊರಟ ವಿದ್ಯುತ್ತು ಹೊರಟಲ್ಲಿಗೆ ಹಿಂದಿರುಗಲೇಬೇಕು. ಹಿಂದಿರುಗುವ ದಾರಿ ಇಲ್ಲದಿದ್ದರೆ ಅದು ಹೊರಡುವುದೇ ಇಲ್ಲ. ನನ್ನ ಚಿತ್ರದಲ್ಲಿ ಹೊರಡುವ ದಾರಿಗಳಿದ್ದುವೇ ವಿನಾ ಬರುವ ದಾರಿ ಒಂದೂ ಇರಲಿಲ್ಲ. ಗೆರೆಯ ತುದಿಯ ಸೊನ್ನೆಗಳ ವಿಷಯದಲ್ಲಿ ಯಜಮಾನರು ನ್ಯಾಯ ತಪ್ಪಲಿಲ್ಲವೆನ್ನಬೇಕು. ನಿಜವಾದ ಬೋರ್ಡಿನಲ್ಲಿಯೂ ಕೆಲವು ಗೆರೆಗಳು ತಾಮ್ರದ ಒಳಗೋಡೆಯುಳ್ಳ ಪುಟ್ಟ ರಂಧ್ರದಲ್ಲಿ ಇಳಿದು, ಹಿಂಬದಿಯಲ್ಲೋ ಒಳಪದರದಲ್ಲೋ ಪ್ರಯಾಣ ಮುಂದುವರಿಸುತ್ತವೆ. ಒಂದೆರಡಾದರೆ ಹಾಗೆಂದು ನಂಬಬಹುದು. ಊರಿನ ಎಲ್ಲ ಬೀದಿಗಳೂ ಬಾವಿಯಲ್ಲೇ ಮುಗಿದರೆ?

ಸಾಧಾರಣ ಬೋರ್ಡಿನ ದಪ್ಪ 1.6 ಮಿಲಿಮೀಟರು. ಗಾಜಿನ ಎಳೆ ಮತ್ತು ಎಪಾಕ್ಸಿ ಅಂಟು ಸೇರಿದ ಹಲಗೆಯ ಮೇಲೆ ಸುಮಾರು 35 ಮೈಕ್ರಾನಿನ, ಎಂದರೆ ಕೂದಲೆಳೆಗಿಂತಲೂ ತೆಳುವಾದ, ತಾಮ್ರದ ಹಾಳೆ. ಬೇಡವಾದ ತಾಮ್ರವನ್ನು ರಾಸಾಯನಿಕದಲ್ಲಿ ಕರಗಿಸಿದರೆ ಉಳಿಯುವುದೇ ಆ ಗೆರೆಗಳು. ಅದರ ಮೇಲೆ ಬೆಸುಗೆ ಹರಡದಂತೆ ತಡೆಯುವ ಲೇಪ. ನಮಗೆ ಪರಿಚಿತವಾದ ಹಸಿರು ಅದರದೇ. ಪ್ರತಿ ಚಿಪ್ಪಿನ ಮಗ್ಗುಲಲ್ಲಿಯೂ ಎಳ್ಳಿನಷ್ಟು ಸಣ್ಣ ಕೆಪಾಸಿಟರುಗಳು ಕಾವಲು ಕುಳಿತು, ವಿದ್ಯುತ್ತಿನ ಏರಿಳಿತವನ್ನು ನುಂಗಿಕೊಳ್ಳುತ್ತವೆ. ಜಾಹೀರಾತಿನ ಚಿತ್ರಕಾರನು ಇವುಗಳನ್ನು ಮೊದಲು ಅಳಿಸುತ್ತಾನೆ, ಶೋಭೆಗೆ ಅಡ್ಡಿಯೆಂದು. ಸೋಜಿಗವೆಂದರೆ, ಕೇವಲ ಅಲಂಕಾರವೆಂದು ತೋರುವ ಹಾವಿನ ನಡೆಯಂತಹ ಅಂಕುಡೊಂಕು ಗೆರೆಗಳು ನಿಜವಾದ ಬೋರ್ಡಿನಲ್ಲಿ ಇರುತ್ತವೆ, ಮತ್ತು ಅವು ಅಲಂಕಾರವಲ್ಲ! ಗಣಕದ ನೆನಪುಕೋಶಕ್ಕೆ ಹೋಗುವ ಹಲವು ಸಂಕೇತಗಳು ಒಂದೇ ಕ್ಷಣದಲ್ಲಿ ತಲುಪಬೇಕಾಗಿರುವುದರಿಂದ, ಹತ್ತಿರದ ದಾರಿಯನ್ನು ಬಳಸು ಮಾಡಿ ದೂರದ ದಾರಿಗೆ ಸಮನಾಗಿಸುತ್ತಾರೆ.

ಈ ವಿದ್ಯೆ ಹುಟ್ಟಿದ್ದೇ ಮುದ್ರಣದ ನೆರಳಿನಲ್ಲಿ. ಆಸ್ಟ್ರಿಯಾದಿಂದ ಇಂಗ್ಲೆಂಡಿಗೆ ವಲಸೆ ಬಂದ ಪಾಲ್ ಐಸ್ಲರನು, ತಂತಿಗಳನ್ನು ಒಂದೊಂದಾಗಿ ಬೆಸೆಯುವ ಬದಲು ಗೆರೆಗಳನ್ನು ಅಚ್ಚು ಹಾಕುವ ವಿಧಾನಕ್ಕೆ 1943ರಲ್ಲಿ ಹಕ್ಕುಸ್ವಾಮ್ಯವನ್ನು ಕೋರಿದನು. ನಮ್ಮ ನಾಡಿಗೂ ಇದು ದೂರದ ಮಾತಲ್ಲ. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಮತಯಂತ್ರಗಳನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು. ನಾವು ಮತಗಟ್ಟೆಯಲ್ಲಿ ಒತ್ತುವ ಗುಂಡಿಯ ಹಿಂದೆಯೂ ಇಂತಹುದೇ ಬೋರ್ಡು ಇದೆ. ಅಲ್ಲಿ ಗೆರೆಯೊಂದು ಎಲ್ಲಿಗೂ ಹೋಗದೆ ಸೊನ್ನೆಯಲ್ಲಿ ಮುಗಿಯುವುದನ್ನು ಯಾರೂ ಬಯಸಲಾರರು.

ಇನ್ನೊಂದು ವಿನೋದವನ್ನೂ ಹೇಳಬೇಕು. ಬೋರ್ಡುಗಳ ನಕ್ಷೆಯನ್ನು ರಚಿಸಲೆಂದೇ ತಂತ್ರಾಂಶಗಳಿವೆ; ಫ್ರಾನ್ಸಿನ ಝಾನ್ ಪಿಯೆರ್ ಷಾರಾ 1992ರಲ್ಲಿ ಆರಂಭಿಸಿದ 'ಕೀಕ್ಯಾಡ್' ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ. ಗೆರೆಗಳು ಕೂಡಬಾರದ ಕಡೆ ಕೂಡಿದರೆ, ಸೇರಬೇಕಾದುದು ಸೇರದಿದ್ದರೆ, ಅದು ತಪ್ಪುಗಳ ಪಟ್ಟಿ ಮಾಡಿ ಮುಂದಿಡುತ್ತದೆ. ತಂತ್ರಾಂಶವನ್ನು ಹೊಗಳಲು ಬರೆದ ಚಿತ್ರವನ್ನು ಒಂದು ತಂತ್ರಾಂಶಕ್ಕೆ ಒಪ್ಪಿಸಿದರೆ ಅದೇ ಮೊದಲು ತಿರಸ್ಕರಿಸೀತು.

ಹಾಗೆಂದು ಚಿತ್ರಕಾರನ ಪಾಡನ್ನೂ ನೋಡಬೇಕಷ್ಟೆ. ತಂತ್ರಾಂಶಕ್ಕೆ ರೂಪವಿಲ್ಲ. ರೂಪವಿಲ್ಲದುದನ್ನು ಬರೆಯಬೇಕಾದವನು ಪಕ್ಕದ ಮನೆಯ ಯಂತ್ರಾಂಶದ ಉಡುಗೆಯನ್ನು ಎರವಲು ತಂದು ತೊಡಿಸುತ್ತಾನೆ, ಹಾಡನ್ನು ಸೂಚಿಸಲು ವೀಣೆಯನ್ನು ಬರೆದಂತೆ. ಆದರೆ ಇದು ತಂತಿಗಳು ಬಿರಡೆಯನ್ನೇ ಮುಟ್ಟದ ವೀಣೆ! ನಮ್ಮ ಕಾವ್ಯಪರಂಪರೆಯಲ್ಲಿ ಕವಿಸಮಯವೆಂಬುದುಂಟು: ಚಕೋರವು ಬೆಳುದಿಂಗಳನ್ನು ಕುಡಿಯುತ್ತದೆ, ಹಂಸವು ಹಾಲನ್ನೂ ನೀರನ್ನೂ ಬೇರ್ಪಡಿಸುತ್ತದೆ. ಈ ನೀಲಿ ಬೋರ್ಡು ನಮ್ಮ ಕಾಲದ ಕವಿಸಮಯವೆಂದು ಸುಮ್ಮನಿರಬಹುದಿತ್ತು. ಆದರೆ ಚಕೋರದ ಕತೆ ಕತೆಯೆಂಬುದು ಕವಿಗೂ ಗೊತ್ತು, ಕೇಳುವವನಿಗೂ ಗೊತ್ತು. ಚಕೋರವನ್ನು ನಂಬಿ ಯಾರೂ ಮಗನ ಶುಲ್ಕ ಕಟ್ಟುವುದಿಲ್ಲ.

ಅದಿರಿನ ಲಾರಿ ಓಡಿಸುವ ಒಬ್ಬ ತಂದೆ ಎರಡು ವರ್ಷದ ಹಿಂದೆ ಭಿತ್ತಿಪತ್ರವೊಂದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ನನ್ನಲ್ಲಿಗೆ ಬಂದಿದ್ದರು. ಅದರಲ್ಲಿಯೂ ಇದೇ ಚಿತ್ರ. "ಸರ, ಹುಡುಗಗ ಈ ಬೋರ್ಡಿನ ಕೆಲಸ ಕಲಿಸ್ತಾರೇನ್ರಿ? ಕಾರ್ಖಾನ್ಯಾಗ ಮೀಟರು, ಕಂಟ್ರೋಲು ನೋಡೋ ಕೆಲಸಕ್ಕ ಬರತೈತೇನು?" ಎಂದು ಕೇಳಿದರು. ನಾನು ಕೆಳಗಿನ ಸಣ್ಣ ಅಕ್ಷರಗಳನ್ನು ಓದದೆ, ಚಿತ್ರವನ್ನೇ ನೋಡಿ, "ಒಳ್ಳೆಯದು, ಸೇರಿಸಿ" ಎಂದೆ. ಅಲ್ಲಿ ಕಲಿಸುತ್ತಿದ್ದುದು ಬೆರಳಚ್ಚು ಮತ್ತು ಅಂಗಡಿಯ ಲೆಕ್ಕ ಬರೆಯುವ ತಂತ್ರಾಂಶ. ಕೇಂದ್ರದವರು ಸುಳ್ಳು ಹೇಳಿರಲಿಲ್ಲ; ಸಣ್ಣ ಅಕ್ಷರಗಳಲ್ಲಿ ಎಲ್ಲವೂ ಇತ್ತು. ಹುಡುಗ ಆರು ತಿಂಗಳು ಹೋದ. ಈಗ ಹೊಸಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ತಂದೆ ಎದುರಾದಾಗ ಇಂದಿಗೂ ನಮಸ್ಕಾರ ಮಾಡುತ್ತಾರೆ. ನನಗೆ ತಲೆಯೆತ್ತುವುದು ಕಷ್ಟವಾಗುತ್ತದೆ.

ರಿಪೇರಿ ಮೇಜಿನ ಮೇಲಿದ್ದ ಹಳೆಯ ಬೋರ್ಡೊಂದನ್ನು ಭೂತಗನ್ನಡಿಯಲ್ಲಿ ನೋಡಿದಾಗ ಅದರ ಮೇಲೆ ಬಿಳಿಯ ಪುಟ್ಟ ಅಕ್ಷರಗಳು ಕಂಡುವು: ಆರ್ 12, ಸಿ 5, ಯು 3. ಯಾವ ಭಾಗ ಎಲ್ಲಿ ಕೂರಬೇಕೆಂಬ ಗುರುತು. ಕೂಡಲೆ ನೆನಪಾದುದು ಹಂಪೆಯ ಮೆಟ್ಟಿಲುಗೊಳ. ಅರಮನೆಯ ಆವರಣದಲ್ಲಿ, 1980ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂದ ಆ ಕಪ್ಪುಕಲ್ಲಿನ ಪುಷ್ಕರಣಿಯ ಕಲ್ಲುಗಳ ಮೇಲೆ ದಿಕ್ಕು, ಸಾಲು, ಸ್ಥಾನಗಳನ್ನು ಸೂಚಿಸುವ ಗುರುತುಗಳಿವೆ. ಹತ್ತಿರದಲ್ಲಿಯೇ ಕಲ್ಲಿನ ಕಂಬಗಳ ಮೇಲೆ ಹಾದುಹೋಗುವ ಕಲ್ಲಿನ ಕಾಲುವೆ. ಪ್ರವಾಸಿಗಳು ಅದರ ಸೊಬಗನ್ನು ನೋಡಿ ಚಿತ್ರ ತೆಗೆಯುತ್ತಾರೆ. ಕಟ್ಟಿದವನು ನೋಡಿದ್ದು ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕೆಂಬುದನ್ನು.

ಮರುದಿನ ಆ ಹಳೆಯ ಬೋರ್ಡಿನ ಛಾಯಾಚಿತ್ರ ತೆಗೆದು ಮುದ್ರಣಾಲಯಕ್ಕೆ ಕೊಟ್ಟೆ. ಸಮಿತಿಯ ಹಿರಿಯರೊಬ್ಬರು "ಇದೇನು, ಗುಜರಿ ಅಂಗಡಿಯಂತಿದೆ" ಎಂದರು. ಮುದ್ರಣಾಲಯದ ಹುಡುಗ ನನ್ನನ್ನು ಕೇಳದೆಯೇ ಅದಕ್ಕೆ ಒಂದಿಷ್ಟು ನೀಲಿ ಬಳಿದ. ಮತ್ತೆ ಜಗಳಕ್ಕೆ ವೇಳೆಯಿರಲಿಲ್ಲ. ಮುನ್ನೂರು ಪ್ರತಿಗಳು ಹಾಗೆಯೇ ಅಚ್ಚಾದುವು.

ಮೊದಲ ಪ್ರತಿಯನ್ನು ಅಂಗಡಿಯ ಯಜಮಾನರಿಗೆ ಕೊಟ್ಟೆ. ಅವರು ಗೆರೆಗಳ ಮೇಲೆ ಬೆರಳಾಡಿಸುತ್ತ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮೆಲ್ಲನೆ ಹೋದರು, ಬಂದರು. ಒಂದು ಕಡೆ ಬೆರಳು ನಿಂತಿತು.

"ಇಲ್ಲಿ ಒಂದು ಕಮ್ಮಿ ಐತ್ರಿ ಸರ."

ನನ್ನ ಎದೆ ಧಸಕ್ಕೆಂದಿತು. "ಏನು ಕಮ್ಮಿ?"

"ಈ ಜಾಗದಾಗಿನ ಕೆಪಾಸಿಟರ್. ನಾನ ಕಿತ್ತೀನ್ರಿ. ನಿಮ್ಮ ಯುಪಿಎಸ್ಸಿಗೆ ಹಾಕೀನಿ."