ಮೊಲೊಕೈ ದ್ವೀಪವೂ ನಮ್ಮ ನಾಲ್ಕು ತಾಲೂಕುಗಳೂ

ಬೆಲ್ಜಿಯಮ್ ದೇಶದ ಕ್ಯಾಥೊಲಿಕ ಪಾದ್ರಿಯೊಬ್ಬನ ಚರಿತ್ರೆಯನ್ನು ಕುರಿತು ಪಾಲ್ ಕಾಕ್ಸ್ ಎಂಬ ನಿರ್ದೇಶಕರು ೧೯೯೯ರಲ್ಲಿ ಒಂದು ಬೋಲಪಟವನ್ನು ತಯಾರಿಸಿದರು. ಫಾದರ್ ಡೇಮಿಯನ್‌ನ ಪಾತ್ರವನ್ನು ಡೇವಿಡ್ ವೆನ್‌ಹ್ಯಾಮ್ ವಹಿಸಿರುವರು. ಕಥೆಯು ನಡೆದ ಮೊಲೊಕೈ ದ್ವೀಪದ ಕಲೌಪಾಪಾದಲ್ಲಿಯೇ ಚಿತ್ರೀಕರಣವು ನಡೆದಿದೆ. ಇದನ್ನು ನಾವು ಇತ್ತೀಚೆಗೆ ನೋಡಿದೆವು. ಸಾಗರದಾಚೆಯ ಕುಷ್ಠರೋಗಿಗಳ ಕಥೆಯಿಂದ ಹಾನಗಲ್ಲದ ರೈತನಿಗೆ, ಸವಣೂರಿನ ವ್ಯಾಪಾರಸ್ಥನಿಗೆ ಆಗಬೇಕಾದುದೇನು ಎಂದು ವಾಚಕರು ಕೇಳಬಹುದು. ಆಗಬೇಕಾದುದು ಬಹಳವಿದೆ, ಆದುದರಿಂದಲೇ ಈ ಲೇಖನ.

ಮೊದಲು ಕಥೆಯನ್ನು ಸಂಕ್ಷೇಪವಾಗಿ ಹೇಳುವೆವು. ಹವಾಯಿ ರಾಜ್ಯದಲ್ಲಿ ಈ ರೋಗವು ಹಬ್ಬಿದಾಗ ೧೮೬೫ರಲ್ಲಿ ಒಂದು ಕಾಯಿದೆಯು ಹುಟ್ಟಿತು. ರೋಗವು ಕಂಡುಬಂದವರನ್ನು ಹೆಂಡಿರು ಮಕ್ಕಳಿಂದ ಅಗಲಿಸಿ, ಹಿಂದೆ ಎತ್ತರವಾದ ಬಂಡೆಯ ಗೋಡೆ, ಮುಂದೆ ಸಮುದ್ರವಿರುವ ಒಂದು ನಾಲಗೆಯಂಥ ನೆಲಕ್ಕೆ ಸಾಗಿಸತಕ್ಕದ್ದೆಂದು ಅದರ ವಿಧಿ. ೧೮೭೩ನೆಯ ಮೇ ತಿಂಗಳಲ್ಲಿ, ೩೩ ವರ್ಷ ವಯಸ್ಸಿನ ಡೇಮಿಯನ್ ತಾನಾಗಿ ಅಲ್ಲಿಗೆ ಹೋದನು. ಹುಣ್ಣುಗಳನ್ನು ತೊಳೆದನು, ಮನೆಗಳನ್ನು ಕಟ್ಟಿದನು, ನೀರಿನ ನಳವನ್ನು ತಂದನು, ಸತ್ತವರಿಗೆ ಪೆಟ್ಟಿಗೆಗಳನ್ನು ಕೈಯಾರ ಮಾಡಿ ಮಣ್ಣು ಮಾಡಿದನು. ಹನ್ನೊಂದು ವರ್ಷಗಳ ತರುವಾಯ ಕುದಿಯುವ ನೀರಿನಲ್ಲಿ ಕಾಲಿಟ್ಟರೂ ಉರಿ ತಿಳಿಯದೆ ಹೋದಾಗ ತನಗೂ ರೋಗವು ತಗಲಿತೆಂದು ಅವನಿಗೆ ಮನವರಿಕೆಯಾಯಿತೆಂದು ಹೇಳುವರು. ೧೮೮೯ನೆಯ ಎಪ್ರಿಲ ೧೫ರಂದು ಅಲ್ಲಿಯೇ ತೀರಿಕೊಂಡನು. ೨೦೦೯ರಲ್ಲಿ ರೋಮಿನ ಧರ್ಮಪೀಠವು ಅವನನ್ನು ಸಂತನೆಂದು ಸಾರಿತು.

ಆದರೆ ಒಬ್ಬ ಮಹಾತ್ಮನ ಕೀರ್ತಿಯ ಬೆಳಕಿನಲ್ಲಿ ಎರಡು ಸಂಗತಿಗಳು ಮಸಕಾಗಬಾರದು. ಡೇಮಿಯನ್ ಬರುವ ಮೊದಲೇ, ೧೮೬೬ರಲ್ಲಿ, ಅಲ್ಲಿಗೆ ನೂಕಲ್ಪಟ್ಟ ಹವಾಯಿಯ ಪ್ರಾಟೆಸ್ಟಂಟ ಜನರು ತಮ್ಮದೇ ಪ್ರಾರ್ಥನಾ ಸಂಘವನ್ನು ಕಟ್ಟಿಕೊಂಡಿದ್ದರು. ರೋಗವಿಲ್ಲದ ಬಂಧುಗಳು ಕೆಲವರು ತಾವಾಗಿ ಜೊತೆಗೆ ಹೋಗಿ ತಮ್ಮವರ ಆರೈಕೆ ಮಾಡಿದ್ದರು. ಅವರ ಹೆಸರುಗಳನ್ನು ಜಗತ್ತು ನೆನೆಯುವದಿಲ್ಲ. ಎರಡನೆಯದು: ಸೇವಕನು ದೊಡ್ಡವನಾದ ಮಾತ್ರಕ್ಕೆ ಗಡೀಪಾರಿನ ಕಾಯಿದೆಯು ಒಳ್ಳೆಯದಾಗುವದಿಲ್ಲ. ಆ ಕಾಯಿದೆಯು ೧೯೬೯ರ ವರೆಗೂ ಉಳಿಯಿತು. ಸುಮಾರು ೮,೦೦೦ ಜನರು ಅದರ ಪಾಲಾದರು.

ಇಂಥ ಕಥೆಗೆ ನಾವು ಸಾಗರವನ್ನು ದಾಟಬೇಕಾಗಿಯೂ ಇಲ್ಲ. ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದಲ್ಲಿ ೧೮೪೧ರಲ್ಲಿ ಹುಟ್ಟಿದ ಅಗಸ್ಟಸ್ ಮುಲ್ಲರ್ ಎಂಬ ಜೆಸ್ವಿಟ್ ಪಾದ್ರಿಯು ೧೮೭೮ರ ಕಡೆಯ ದಿನ ಮಂಗಳೂರಿಗೆ ಬಂದಿಳಿದನು. ೧೮೮೦ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಗಳನ್ನು ಕೊಡಹತ್ತಿದನು. ೧೮೯೦ರಲ್ಲಿ, ಡೇಮಿಯನ್ ತೀರಿದ ಮರುವರ್ಷವೇ, ಅಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯಸ್ಥಾನವನ್ನು ಸ್ಥಾಪಿಸಿದನು. ಆ ಕಾಲದಲ್ಲಿ ಈ ರೋಗವನ್ನು ನಿರ್ಮೂಲ ಮಾಡುವ ಔಷಧವು ಯಾರ ಕೈಯಲ್ಲಿಯೂ ಇರಲಿಲ್ಲ. ಕೊಡಲು ಸಾಧ್ಯವಿದ್ದುದು ಒಂದು ಸೂರು, ಒಂದು ತುತ್ತು ಅನ್ನ, ಹುಣ್ಣಿಗೆ ಶುಚಿಯಾದ ಬಟ್ಟೆ. ಅದನ್ನು ಕೊಟ್ಟನು. ೧೯೧೦ರ ನವಂಬರ ೧ರಂದು ಮುಲ್ಲರನು ಮರಣ ಹೊಂದಿದನು. ಅವನ ಚಿಕ್ಕ ಔಷಧಾಲಯವು ಬೆಳೆದು ದೊಡ್ಡ ದವಾಖಾನೆಯಾಗಿ, ೧೯೯೯ರಲ್ಲಿ ವೈದ್ಯಕೀಯ ಮಹಾವಿದ್ಯಾಲಯವನ್ನೂ ಪಡೆಯಿತು.

ಇಲ್ಲಿ ದೇಶಾಭಿಮಾನಿಗಳಾದ ನಮ್ಮ ಮಿತ್ರರು ಒಂದು ಆಕ್ಷೇಪವನ್ನು ಎತ್ತುವರು: ಈ ಪಾದ್ರಿಗಳು ಮತಪ್ರಸಾರಕ್ಕಾಗಿ ಬಂದವರಲ್ಲವೇ? ಅಹುದು, ಅದನ್ನು ಅವರೂ ಮುಚ್ಚಿಡಲಿಲ್ಲ, ನಾವೂ ಮುಚ್ಚಿಡಬೇಕಾಗಿಲ್ಲ. ಆದರೆ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯು ಬೇರೆ. ನಮ್ಮ ಮನೆಯ ಮಗನನ್ನು ನಾವೇ ಊರ ಹೊರಗೆ ನೂಕಿದ ಮೇಲೆ, ಅವನನ್ನು ಎತ್ತಿಕೊಂಡವನ ಉದ್ದೇಶವನ್ನು ವಿಚಾರಿಸುವ ಅಧಿಕಾರವು ನಮಗೆ ಎಷ್ಟರ ಮಟ್ಟಿಗೆ ಉಳಿದಿರುವದು? ಈ ಆಕ್ಷೇಪಕ್ಕೆ ಸರಿಯಾದ ಉತ್ತರವನ್ನು ಕೊಟ್ಟವರು ಬಾಯಿಂದ ಕೊಡಲಿಲ್ಲ, ಕೈಯಿಂದ ಕೊಟ್ಟರು. ಮನೋಹರ ದಿವಾಣರು ೧೯೩೬ರಲ್ಲಿ ವರ್ಧೆಯ ಸಮೀಪದ ದತ್ತಪುರದಲ್ಲಿ ಕುಷ್ಠಧಾಮವನ್ನು ಆರಂಭಿಸಿದರು. ಸಂಸ್ಕೃತ ಪಂಡಿತರಾದ ಪರಚುರೆ ಶಾಸ್ತ್ರಿಗಳು ಈ ರೋಗದಿಂದ ಜರ್ಝರಿತರಾಗಿ ೧೯೩೯ರಲ್ಲಿ ಸೇವಾಗ್ರಾಮಕ್ಕೆ ಬಂದಾಗ ಗಾಂಧೀಜಿಯವರು ಅವರನ್ನು ಇರಿಸಿಕೊಂಡು, ಸ್ವತಃ ಅವರ ಮೈ ತಿಕ್ಕಿ ಉಪಚರಿಸಿದರು. ಗಾಂಧೀಜಿಯವರ ಪುಣ್ಯದಿನವಾದ ಜನೆವರಿ ೩೦ನ್ನು ನಮ್ಮ ದೇಶವು ಕುಷ್ಠರೋಗ ನಿವಾರಣೆಯ ದಿನವೆಂದು ಆಚರಿಸುವದು ಇದೇ ಕಾರಣದಿಂದ.

ಇನ್ನು ನಮ್ಮ ಸೀಮೆಗೆ ಬರೋಣ. ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರಗಳು ೧೯೯೭ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಗೆ ಸೇರಿದವು; ಆದರೆ ಇವುಗಳ ಪುಣ್ಯಾಯಿಯು ಜಿಲ್ಲೆಗಳಿಗಿಂತ ಹಳೆಯದು. ಕನಕದಾಸರ ಬಾಡವು ಶಿಗ್ಗಾಂವ ತಾಲೂಕಿನದು. ಶಿಶುನಾಳವೂ ಅದೇ ತಾಲೂಕಿನದು. ಅಲ್ಲಿಯ ಶರೀಫ ಸಾಹೇಬರನ್ನು ಕಳಸದ ಗೋವಿಂದ ಭಟ್ಟರು ಜಾತಿಯ ಗೋಡೆಯನ್ನು ಒಡೆದು ಶಿಷ್ಯನನ್ನಾಗಿ ಮಾಡಿಕೊಂಡರು. ಡೇಮಿಯನ್ ಮೊಲೊಕೈಯಲ್ಲಿ ಕಣ್ಣು ಮುಚ್ಚಿದ ೧೮೮೯ರಲ್ಲಿಯೇ ಶರೀಫರೂ ಶಿಶುನಾಳದಲ್ಲಿ ದೇಹವಿಟ್ಟರು. ಇಂಥವರ ಹಾಡನ್ನು ತಲೆದೂಗಿ ಕೇಳುವ ನಾವು, ಬೆರಳು ಸೊಟ್ಟಗಾದವನು ಪಂಕ್ತಿಗೆ ಬಂದರೆ ಮಾಡುವದೇನು?

ಕೆಲವು ತಿಂಗಳ ಹಿಂದೆ ಈ ತಾಲೂಕುಗಳೊಳಗಿನ ಒಂದು ಹಳ್ಳಿಯಿಂದ ವೃದ್ಧನೊಬ್ಬನು ನಮ್ಮ ಕಾರ್ಯಾಲಯಕ್ಕೆ ಬಂದನು. ಔಷಧವು ಮುಗಿದು ಎಷ್ಟೋ ವರ್ಷಗಳಾಗಿವೆ. ರೋಗವು ಗುಣವಾಯಿತೆಂದು ಡಾಕ್ಟರರು ಬರೆದುಕೊಟ್ಟ ಕಾಗದವನ್ನು ಪ್ಲಾಸ್ಟಿಕ ಚೀಲದಲ್ಲಿ ಮಡಚಿ ಇಟ್ಟುಕೊಂಡಿದ್ದನು. ಆದರೂ ಸ್ವಂತ ಮನೆಯಲ್ಲಿ ಅವನಿಗೆ ಊಟವು ಕಟ್ಟೆಯ ಮೇಲೆ, ಬೇರೆ ತಾಟಿನಲ್ಲಿ. ಮೊಮ್ಮಗಳ ಸಂಬಂಧವು ಅವನ ಕೈಗಳನ್ನು ಕಂಡು ಮುರಿದಿತ್ತು. "ಈ ಕಾಗದಾ ನೀವು ಅಚ್ಚು ಹಾಕಿದರ ಮಂದಿ ನಂಬ್ಯಾರೇನ್ರಿ?" ಎಂದು ಕೇಳಿದನು. ಅಚ್ಚು ಹಾಕಿದರೆ ಅರಿಯದವರೂ ಅರಿಯುವರೆಂದು ಹೇಳಿ ಅವನನ್ನು ಸಮಾಧಾನಪಡಿಸಿದೆವು. ಹೊರಡುವಾಗ ಅವನು ಕೈಯನ್ನು ಮುಂದೆ ಚಾಚಿದನು. ನಾವು ಎರಡೂ ಕೈ ಜೋಡಿಸಿ ನಮಸ್ಕರಿಸಿದೆವು. ನಮಸ್ಕಾರವು ನಮ್ಮ ಸಂಪ್ರದಾಯವೇ ಸರಿ; ಆದರೆ ಆ ಗಳಿಗೆಯಲ್ಲಿ ಅದು ಸಂಪ್ರದಾಯವಾಗಿರಲಿಲ್ಲ, ಅಂಜಿಕೆಯಾಗಿತ್ತು. ಅದು ಅವನಿಗೂ ತಿಳಿಯಿತು. ಬೋಲಪಟವನ್ನು ನೋಡುವಾಗ ನಮ್ಮ ಕಣ್ಣ ಮುಂದೆ ಬಂದುದು ಡೇಮಿಯನ್‌ನಲ್ಲ, ಆ ಚಾಚಿದ ಕೈ.

ನಮ್ಮ ಅಂಜಿಕೆಗೆ ಆಧಾರವಾದರೂ ಏನು? ನಾರ್ವೆಯ ವೈದ್ಯ ಹ್ಯಾನ್ಸೆನ್ ಈ ರೋಗದ ಕ್ರಿಮಿಯನ್ನು ೧೮೭೩ರಲ್ಲಿಯೇ ಕಂಡುಹಿಡಿದನು. ಆದುದರಿಂದ ಇದು ಪೂರ್ವಜನ್ಮದ ಪಾಪವಲ್ಲ, ಸರ್ಪಶಾಪವಲ್ಲ, ವಂಶದಿಂದ ಇಳಿದು ಬರುವದೂ ಅಲ್ಲ. ಬಹುಸಂಖ್ಯೆಯ ಜನರ ಮೈಯು ಈ ಕ್ರಿಮಿಯನ್ನು ತಾನಾಗಿಯೇ ತಡೆಯಬಲ್ಲದು. ಕೈ ಮುಟ್ಟಿದ ಮಾತ್ರಕ್ಕೆ ಇದು ಹತ್ತುವದಿಲ್ಲ. ಬೆರಳುಗಳನ್ನು ರೋಗವು ತಿನ್ನುವದೂ ಇಲ್ಲ. ನರಗಳು ಕೆಟ್ಟು ಸ್ಪರ್ಶವು ಅಡಗುವದರಿಂದ ಸುಟ್ಟ ಗಾಯ, ಕೊಯ್ದ ಗಾಯ ತಿಳಿಯದೆ, ಅವೇ ಕೀತು ಅಂಗವು ಕೆಡುವದು. ೧೯೮೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ರೋಗದ ಬಗೆಯನ್ನನುಸರಿಸಿ ಆರು ಇಲ್ಲವೆ ಹನ್ನೆರಡು ತಿಂಗಳು ಗುಳಿಗೆ ತೆಗೆದುಕೊಂಡರೆ ಗುಣವು ನಿಶ್ಚಯ. ಔಷಧವು ಆರಂಭವಾದ ಸ್ವಲ್ಪ ಕಾಲದಲ್ಲಿಯೇ ರೋಗಿಯಿಂದ ಇತರರಿಗೆ ಹರಡುವದು ನಿಲ್ಲುವದು. ಸರಕಾರಿ ದವಾಖಾನೆಗಳಲ್ಲಿ ಇದಕ್ಕೆ ಬಿಡಿಗಾಸೂ ಬೇಕಾಗಿಲ್ಲ.

ಕಾಯಿದೆಗಳೂ ಬದಲಾದವು. ಬ್ರಿಟಿಷರ ೧೮೯೮ರ ಕುಷ್ಠರೋಗಿಗಳ ಕಾಯಿದೆಯು ೨೦೧೬ರಲ್ಲಿ ರದ್ದಾಯಿತು. ಈ ರೋಗದ ಕಾರಣದಿಂದ ವಿವಾಹ ವಿಚ್ಛೇದನ ಕೇಳುವ ಹಕ್ಕನ್ನು ೨೦೧೯ರಲ್ಲಿ ತೆಗೆದುಹಾಕಲಾಯಿತು. ೨೦೦೫ರ ಕೊನೆಗೆ ರೋಗವು ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆಯಾಯಿತೆಂದು ಭಾರತವು ಸಾರಿತು. ಆದರೆ ಕಡಿಮೆಯಾದುದು ಹೋದಂತಲ್ಲ: ೨೦೨೨ರಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಹೊಸ ರೋಗಿಗಳು ನಮ್ಮ ದೇಶದಲ್ಲಿ ಕಂಡುಬಂದರು, ಜಗತ್ತಿನ ಒಟ್ಟು ಸಂಖ್ಯೆಯ ಅರ್ಧಕ್ಕಿಂತ ಹೆಚ್ಚು. ಮಚ್ಚೆಯನ್ನು ಅಂಗಿಯ ತೋಳಿನೊಳಗೆ ಅಡಗಿಸುವವರು ಎಲ್ಲಿಯ ವರೆಗೆ ಇರುವರೋ ಅಲ್ಲಿಯ ವರೆಗೆ ಈ ಲೆಕ್ಕವು ಇಳಿಯಲಾರದು. ಮತ್ತು ನಾವು ಕಟ್ಟೆಯ ಮೇಲೆ ಬೇರೆ ತಾಟು ಇಡುವ ವರೆಗೆ ಅವರು ಅಡಗಿಸುತ್ತಲೇ ಇರುವರು.

ವಾಚಕರೇ, ಡೇಮಿಯನ್‌ನ ಕಾಲದಲ್ಲಿ ಈ ಜನರ ಬಳಿಗೆ ಹೋಗಲು ಪ್ರಾಣವನ್ನು ಪಣವಿಡಬೇಕಾಗಿತ್ತು. ಇಂದು ನಮ್ಮಿಂದ ಯಾರೂ ಪ್ರಾಣವನ್ನು ಬೇಡುವದಿಲ್ಲ. ಮೈಮೇಲೆ ಸ್ಪರ್ಶವಿಲ್ಲದ ಮಸಕು ಮಚ್ಚೆಯಿದ್ದರೆ ನಾಚದೆ ಸಮೀಪದ ಆರೋಗ್ಯ ಕೇಂದ್ರಕ್ಕೆ ತೋರಿಸುವದು, ಗುಣವಾದವನನ್ನು ಕಟ್ಟೆಯಿಂದ ಪಡಸಾಲೆಗೆ ಕರೆಯುವದು, ಇಷ್ಟೇ. ಆ ವೃದ್ಧನ ಹಳ್ಳಿಯು ನಮ್ಮ ಕಾರ್ಯಾಲಯದಿಂದ ಬಹಳ ದೂರವಿಲ್ಲ. ಈ ಲೇಖನವು ಅಚ್ಚಾದ ಮೇಲೆ ನಾವು ಅಲ್ಲಿಗೆ ಹೋಗಿಬರುವವರಿದ್ದೇವೆ. ಅವನಿಗೆ ಕೊಡದೆ ಉಳಿಸಿಕೊಂಡ ಕೈಯೊಂದು ನಮ್ಮಲ್ಲಿ ಬಾಕಿಯಿದೆ.