ಸಲೀಂಗಢ: ಸೆರೆಮನೆಯಾಗಿದ್ದ ಕೋಟೆ

ದೆಹಲಿಯ ಕೆಂಪುಕೋಟೆಯ ಈಶಾನ್ಯಕ್ಕೆ, ಕಮಾನು ಸೇತುವೆಯೊಂದರ ಆಚೆಗಿರುವ ಸಲೀಂಗಢವನ್ನು ಶೇರ್ ಶಾ ಸೂರಿಯ ಮಗ ಇಸ್ಲಾಂ ಶಾ 1546ರಲ್ಲಿ, ಯಮುನೆಯ ದ್ವೀಪದಂತಿದ್ದ ನೆಲದಲ್ಲಿ ಕಟ್ಟಿಸತೊಡಗಿದನಾದರೂ, ಮೊಗಲರ ಕಾಲದಲ್ಲಿ ಅದು ರಾಜಮನೆತನದವರ ಸೆರೆಮನೆಯೆಂದೇ ಹೆಸರಾಯಿತು. ಔರಂಗಜೇಬನು ತಮ್ಮನಾದ ಮುರಾದ್ ಬಕ್ಷನನ್ನು ಗ್ವಾಲಿಯರಿಗೆ ಕಳುಹಿಸುವ ಮೊದಲು ಇಲ್ಲಿಯೇ ಇರಿಸಿದ್ದನು. ಬಂಡೆದ್ದ ಮಗ ಅಕ್ಬರನ ಪರ ನಿಂತಳೆಂದು ಸ್ವಂತ ಮಗಳು, ಪಾರಸಿ ಕವಯಿತ್ರಿ ಜೇಬುನ್ನಿಸಾಳನ್ನೂ 1681ರ ಬಳಿಕ ಇಲ್ಲಿ ಬಂಧಿಸಿದನು. ಅವಳು ಸುಮಾರು 20 ವರ್ಷ ಸೆರೆಯಲ್ಲಿದ್ದು 1702ರಲ್ಲಿ ತೀರಿಕೊಂಡಳು.

ಬೆಳದಿಂಗಳ ರಾತ್ರಿಗಳಲ್ಲಿ ಕಪ್ಪು ಮುಸುಕಿನ ಹೆಣ್ಣೊಬ್ಬಳು ಪದ್ಯ ಹಾಡುತ್ತಾಳೆಂಬ ಸ್ಥಳೀಯ ಐತಿಹ್ಯ ಹುಟ್ಟಿರುವುದು ಈ ಜೇಬುನ್ನಿಸಾಳ ಸುತ್ತಲೇ. ಬೇಡಿಯ ಸದ್ದು, ನರಳಾಟ ಕೇಳಿಸುತ್ತವೆಂಬ ಇನ್ನೊಂದು ಕಥೆ ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜಿನ, ಅಂದರೆ ಬ್ರಿಟಿಷರ ವಿರುದ್ಧ ಕಾದಿದ ಭಾರತೀಯ ರಾಷ್ಟ್ರೀಯ ಸೇನೆಯ, ಯೋಧರಿಗೆ ಸಂಬಂಧಿಸಿದ್ದು. 1945ರಿಂದ ಅವರನ್ನು ಇಲ್ಲಿ ಕೂಡಿಹಾಕಲಾಗಿತ್ತು. ಅದೇ ವರ್ಷದ ನವೆಂಬರಿನಲ್ಲಿ ಪಕ್ಕದ ಕೆಂಪುಕೋಟೆಯಲ್ಲಿ ಶಾ ನವಾಜ್ ಖಾನ್, ಪ್ರೇಮ್ ಸೆಹಗಲ್ ಮತ್ತು ಗುರುಬಕ್ಷ್ ಸಿಂಗ್ ಧಿಲ್ಲೋನ್ ಅವರ ವಿಚಾರಣೆ ಆರಂಭವಾದಾಗ ಭೂಲಾಭಾಯಿ ದೇಸಾಯಿ ಅವರ ಪರ ವಾದಿಸಿದರು.

ದೆವ್ವಕ್ಕೆ ಯಾವ ಪುರಾವೆಯೂ ಇಲ್ಲ; ನದಿಗಾಳಿ, ನಿರ್ಜನತೆ ಮತ್ತು 1860ರ ದಶಕದಲ್ಲಿ ಕೋಟೆಯನ್ನು ಸೀಳಿಕೊಂಡು ಹೋದ ರೈಲುಹಳಿಯ ಕಂಪನಗಳೇ ಇಂಥ ಭ್ರಮೆಗೆ ಸಾಕು. ಆದರೆ ಸೆರೆಯಾಳುಗಳ ಬದುಕು ಕಲ್ಪನೆಯಲ್ಲ, ಮತ್ತು ನೋಡಲು ಬರುವವರ ಗಮನಕ್ಕೆ ನಿಜವಾಗಿ ಅರ್ಹವಾದದ್ದು ಅದೇ. ಈಗ ಸ್ವಾತಂತ್ರ್ಯ ಸೇನಾನಿ ಸ್ಮಾರಕವೆನಿಸಿರುವ ಈ ಕೋಟೆ, 2007ರಲ್ಲಿ ಕೆಂಪುಕೋಟೆ ಸಂಕೀರ್ಣದ ಭಾಗವಾಗಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು.