ಹಿಂದಿರುಗದ ತಂಬಿಗೆಗಳು

ಹೊಳೆನರಸೀಪುರದ ಕಡೆಯ ಒಂದು ಮದುವೆಯ ಛತ್ರವನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಉಗ್ರಾಣದಲ್ಲಿ ಸಾವಿರ ತಂಬಿಗೆಗಳಿವೆ. ಬೇಕಾದಷ್ಟನ್ನು ಪಡೆದು, ಊಟವಾದ ಮೇಲೆ ಹಿಂದಿರುಗಿಸಬೇಕೆಂಬುದು ಕಟ್ಟಳೆ. ಆದರೆ ಪ್ರತಿ ಮದುವೆಯಲ್ಲಿಯೂ ಎರಡು ತಂಬಿಗೆಗಳು ಯಾವುದೋ ಕೋಣೆಯ ಮೂಲೆಯಲ್ಲಿ ಉಳಿದುಬಿಡುತ್ತವೆ. ಕಳುವಾದುದಲ್ಲ, ಒಡೆದುದೂ ಅಲ್ಲ. ಪಡೆದವರಿಗೆ ಮರೆತುಹೋಯಿತು, ಅಷ್ಟೆ. ಮೊದಲ ಲಗ್ನದಲ್ಲಿ ಅದು ಯಾರ ಗಮನಕ್ಕೂ ಬಾರದು, ಹತ್ತನೆಯದರಲ್ಲಿಯೂ ಬಾರದು. ಒಂದು ದಿನ ಮಾತ್ರ ಎಲೆ ಹಾಕಿದ ಪಂಕ್ತಿಗೆ ನೀರಿಡಲು ತಂಬಿಗೆಯಿಲ್ಲದೆ ಬಡಿಸುವವರು ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಗಣಕಯಂತ್ರದ ತಂತ್ರಾಂಶಗಳೂ ಹೀಗೆಯೇ ಯಂತ್ರದ ಮೆಮೊರಿಯಲ್ಲಿ ಜಾಗ ಕೇಳಿ ಪಡೆಯುತ್ತವೆ. ಕೆಲಸ ಮುಗಿದೊಡನೆ ಅದನ್ನು ಒಪ್ಪಿಸಬೇಕು. ಒಪ್ಪಿಸಲು ಮರೆತರೆ ತಜ್ಞರು ಅದನ್ನು ಮೆಮೊರಿ ಲೀಕ್, ಎಂದರೆ ಸ್ಮೃತಿಯ ಸೋರಿಕೆ, ಎನ್ನುತ್ತಾರೆ. ಹೆಸರೇನೋ ಅಷ್ಟಾಗಿ ಒಪ್ಪುವುದಿಲ್ಲ. ಹೊರಗೆ ಸೋರುವುದು ಏನೂ ಇಲ್ಲ, ಒಳಗೇ ಸಿಕ್ಕಿಕೊಂಡಿರುತ್ತದೆ. ಚನ್ನರಾಯಪಟ್ಟಣದ ಅಂಗಡಿಯಲ್ಲಾಗಲಿ ಅರಕಲಗೂಡಿನ ಕಚೇರಿಯಲ್ಲಾಗಲಿ, ಬೆಳಿಗ್ಗೆ ಚುರುಕಾಗಿದ್ದ ಯಂತ್ರ ಸಂಜೆಗೆ ತೂಕಡಿಸಿದರೆ ಆರಿಸಿ ಮತ್ತೆ ಚಾಲೂ ಮಾಡುವುದೇ ವಾಡಿಕೆಯ ಮದ್ದು. ಕಾರಣ ಸೋರಿಕೆಯೇ ಆಗಿದ್ದರೆ, ಆರಿಸಿದಾಗ ತಂಬಿಗೆಗಳೆಲ್ಲ ಉಗ್ರಾಣ ಸೇರುತ್ತವೆ. ಮರೆಯುವ ಚಾಳಿ ಮಾತ್ರ ಹೋಗುವುದಿಲ್ಲ.

ಲಂಡನ್ನಿನ ಆ ರಾತ್ರಿ

ಆರಿಸಲು ಪುರುಸೊತ್ತಿಲ್ಲದ ಯಂತ್ರಗಳೂ ಉಂಟು. ಲಂಡನ್ ನಗರದ ಆಂಬುಲೆನ್ಸ್ ಸೇವೆಯು ೧೯೯೨ರ ಅಕ್ಟೋಬರ್ ೨೬ರಂದು ರೋಗಿಗಳ ಬಳಿಗೆ ವಾಹನ ಕಳುಹಿಸುವ ಕಾರ್ಯವನ್ನು ಗಣಕಯಂತ್ರಕ್ಕೆ ವಹಿಸಿತು. ಎರಡೇ ದಿನಗಳಲ್ಲಿ ಬೇರೆ ಕಾರಣಗಳಿಂದ ಗೊಂದಲವೆದ್ದು, ಅರ್ಧ ಕೈಕೆಲಸ, ಅರ್ಧ ಯಂತ್ರವೆಂಬ ಏರ್ಪಾಟಿಗೆ ಇಳಿಯಬೇಕಾಯಿತು. ನವೆಂಬರ್ ೪ರ ಬೆಳಗಿನ ಜಾವ, ಎರಡು ಗಂಟೆ ಕಳೆದ ಸ್ವಲ್ಪ ಹೊತ್ತಿನಲ್ಲಿ, ಆ ಯಂತ್ರವೂ ನಿಧಾನಗೊಂಡು ಕೊನೆಗೆ ಸ್ತಬ್ಧವಾಯಿತು. ಬದಲಿ ವ್ಯವಸ್ಥೆಯೂ ಒದಗಲಿಲ್ಲ. ಸಿಬ್ಬಂದಿ ಕಾಗದದ ಚೀಟಿಗಳಿಗೆ ಮರಳಿದರು.

ಮರುವರ್ಷ ಹೊರಬಂದ ವಿಚಾರಣಾ ವರದಿಯಲ್ಲಿ ಕಾರಣ ಬಯಲಾಯಿತು. ಸುಮಾರು ಮೂರು ವಾರಗಳ ಹಿಂದೆ ತಂತ್ರಾಂಶದಲ್ಲಿ ಬಿಟ್ಟುಹೋಗಿದ್ದ ಒಂದು ಚಿಕ್ಕ ತುಣುಕಿನಿಂದಾಗಿ, ವಾಹನವೊಂದನ್ನು ಹೊರಡಿಸಿದಾಗಲೆಲ್ಲ ಸರ್ವರಿನ ಮೆಮೊರಿಯಲ್ಲಿ ಒಂದಿಷ್ಟು ಹಿಂದಿರುಗದೆ ಉಳಿಯುತ್ತಿತ್ತು. ಕಷ್ಟದಲ್ಲಿದ್ದವರ ಪ್ರತಿಯೊಂದು ಕರೆಗೂ ಓಗೊಡುತ್ತಲೇ ಯಂತ್ರ ತನ್ನ ಉಸಿರನ್ನು ತಾನೇ ಕಟ್ಟಿಕೊಳ್ಳುತ್ತಿತ್ತು.

ಏರನ್ನಲ್ಲ, ತಗ್ಗನ್ನು ನೋಡಬೇಕು

ಹಾಗಾದರೆ ಇದನ್ನು ಮುಂಚೆಯೇ ಅರಿಯುವ ಬಗೆ ಯಾವುದು? ಮದುವೆಯ ಭರಾಟೆಯಲ್ಲಿ ತಂಬಿಗೆಗಳನ್ನು ಎಣಿಸಿದರೆ ಏನೂ ತಿಳಿಯದು. ಆಗ ಎಲ್ಲವೂ ಹೊರಗಿರುವುದೇ ಸಹಜ. ಛತ್ರ ಬರಿದಾದ ಮೇಲೆ ಎಣಿಸಬೇಕು. ವಿಂಡೋಸಿನ ಪರ್ಫಾರ್ಮೆನ್ಸ್ ಮಾನಿಟರ್‌ನಂಥ ಸಾಧನಗಳು ಮೆಮೊರಿಯ ಬಳಕೆಯನ್ನು ರೇಖೆಯಾಗಿ ಬರೆದು ತೋರಿಸುತ್ತವೆ. ಕೆಲಸ ಹೆಚ್ಚಿದಾಗ ರೇಖೆ ಏರುತ್ತದೆ, ತಗ್ಗಿದಾಗ ಇಳಿಯುತ್ತದೆ. ಇಳಿದ ತಾಣಗಳೇ ದಿನದಿಂದ ದಿನಕ್ಕೆ ಮೇಲೇರುತ್ತ ಬಂದರೆ ಸೋರಿಕೆಯ ಶಂಕೆ ಬಲವಾಗುತ್ತದೆ.

ಹಾಸನದವರಿಗೆ ಈ ವಿದ್ಯೆ ಅಪರಿಚಿತವಲ್ಲ. ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರ ೧೯೮೨ರಿಂದ ಅದೇ ಊರಿನಲ್ಲಿದೆಯಷ್ಟೆ. ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದ ಉಪಗ್ರಹವನ್ನು ಬಿಚ್ಚಿ ನೋಡುವಂತಿಲ್ಲ. ಅದು ಕಳುಹಿಸುವ ಉಷ್ಣತೆ, ಬ್ಯಾಟರಿಯ ವೋಲ್ಟೇಜು ಮೊದಲಾದ ಅಂಕಿಗಳನ್ನೇ ಹಗಲಿರುಳು ಓದಬೇಕು. ವರ್ಷಕ್ಕೆರಡು ಬಾರಿ, ವಿಷುವದ ಆಸುಪಾಸಿನಲ್ಲಿ, ಉಪಗ್ರಹ ದಿನವೂ ಸ್ವಲ್ಪ ಹೊತ್ತು ಭೂಮಿಯ ನೆರಳಿಗೆ ಸಿಕ್ಕುತ್ತದೆ. ಆಗ ಬ್ಯಾಟರಿ ಇಳಿಯುವುದು ದೋಷವಲ್ಲ. ಮುಂದಿನ ನೆರಳುಗಾಲದಲ್ಲಿ ಅದೇ ಹೊರೆಗೆ ಎಷ್ಟು ಇಳಿಯಿತೆಂಬುದೇ ಲೆಕ್ಕ.

ಸೋರಿಕೆಯಿದೆಯೆಂದು ತಿಳಿದರೆ ಸಾಲದು, ಮರೆತವರು ಯಾರೆಂದೂ ತಿಳಿಯಬೇಕು. ನಮ್ಮ ಹೆಂಗಸರು ಪಾತ್ರೆಯ ಮೇಲೆ ಹೆಸರು ಕೆತ್ತಿಸುವುದು ವೃಥಾ ಅಲ್ಲ! ಜೂಲಿಯನ್ ಸೀವರ್ಡ್ ೨೦೦೨ರಲ್ಲಿ ಹೊರತಂದ ವಾಲ್‌ಗ್ರಿಂಡ್ ಎಂಬ ಸಾಧನ ಮಾಡುವುದೂ ಅದನ್ನೇ. ತಂತ್ರಾಂಶದ ಯಾವ ಸಾಲು ಜಾಗ ಕೇಳಿತೆಂದು ಗುರುತಿಟ್ಟು, ಕೊನೆಯಲ್ಲಿ ಒಪ್ಪಿಸದವುಗಳ ಪಟ್ಟಿ ಕೊಡುತ್ತದೆ. ಆದರೆ ಅದರ ಕಾವಲಿನಲ್ಲಿ ತಂತ್ರಾಂಶ ಹಲವು ಪಟ್ಟು ನಿಧಾನವಾಗುವುದರಿಂದ, ಜನ ಕಾದುನಿಂತಿರುವ ಜಾಗಕ್ಕಿಂತ ಪ್ರಯೋಗಶಾಲೆಗೇ ಅದು ತಕ್ಕದ್ದು.

ಕಾವಲುಗಾರನೇ ತಂಬಿಗೆ ಮರೆತರೆ? ೨೦೧೨ರ ಅಕ್ಟೋಬರ್ ೨೨ರಂದು ಅಮೆರಿಕದ ಅಮೆಜಾನ್ ಸಂಸ್ಥೆಯ ಬಾಡಿಗೆ ಗಣಕಯಂತ್ರಗಳು ವರ್ಜೀನಿಯಾದಲ್ಲಿ ಮುಗ್ಗರಿಸಿದುದಕ್ಕೆ ಕಾರಣ, ಅಂಕಿಗಳನ್ನು ಸಂಗ್ರಹಿಸಿ ವರದಿ ಮಾಡಲೆಂದೇ ಇರಿಸಿದ್ದ ಒಂದು ತಂತ್ರಾಂಶದ ಸೋರಿಕೆ. ಪ್ರತಿಯೊಂದು ಯಂತ್ರದ ಒಟ್ಟು ಮೆಮೊರಿಯ ಮೇಲೆ ಕಣ್ಣಿಟ್ಟಿದ್ದರೂ ಎಚ್ಚರಿಕೆಯ ಗಂಟೆ ಬಾರಿಸಲಿಲ್ಲ. ಅಂದಿನಿಂದ ಅವರು ಒಂದೊಂದು ಕೋಣೆಯ ತಂಬಿಗೆಗಳನ್ನೂ ಬೇರೆಬೇರೆಯಾಗಿ ಎಣಿಸಲು ಏರ್ಪಾಟು ಮಾಡಿಕೊಂಡರು.